ಯಶವಂತಪುರದ ರೋಮನ್ ಬೆಳ್ಳಿ

ರೋಮಿನ ಪ್ರಾಚೀನತೆಯನ್ನು ಕಾಣಲು ಸಮುದ್ರವನ್ನೇ ದಾಟಬೇಕೆ? ಕೆಂಗೇರಿಯಲ್ಲಿ ರೈಲು ಹತ್ತಿ ನಾನೂ ಮೊಮ್ಮಗಳೂ ಯಶವಂತಪುರದಲ್ಲಿಳಿದೆವು. 1891ರಲ್ಲಿ ರೈಲುಮಾರ್ಗಕ್ಕಾಗಿ ಇಲ್ಲಿ ನೆಲವನ್ನಗೆದಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸರ ಕಾಲದವು! ಮೆಣಸು, ಮುತ್ತು, ನವುರು ಬಟ್ಟೆಗಳಿಗೆ ಮರುಳಾದ ರೋಮು ತನ್ನ ಹಣವನ್ನು ಇತ್ತ ಸುರಿಯುತ್ತಿದ್ದ ದಿನಗಳವು. ಪ್ಲಿನಿ ಇದಕ್ಕಾಗಿ ಹಲುಬಿದ್ದುಂಟು. ನಾಣ್ಯಗಳು ವಸ್ತುಸಂಗ್ರಹಾಲಯವನ್ನು ಸೇರಿದವು; ನೆಲ ಮಾತ್ರ ಇಲ್ಲಿಯೇ ಇದೆ.

“ಹೂತಿಟ್ಟವರು ಮರಳಿ ಏಕೆ ಬರಲಿಲ್ಲ, ತಾತ?” ಎಂದಳು ಹುಡುಗಿ.

ಕಳ್ಳರ ಭಯವೋ, ದಾರಿಯಲ್ಲಿಯೇ ಸಾವೋ! ಅಕ್ಕಿಯ ಮಡಕೆಯಲ್ಲಿ ಬೆಳ್ಳಿ ರೂಪಾಯಿಗಳನ್ನು ಬಚ್ಚಿಟ್ಟು, ಯಾರಿಗೂ ಹೇಳದೆ ಕಣ್ಮುಚ್ಚಿದ ನನ್ನ ತಾಯಿ ನೆನಪಾದಳು. ನಾವದನ್ನು ಕಂಡದ್ದು ಹದಿಮೂರನೆಯ ದಿನ. ನನಗೆ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ರೈಲು ಬಂದಿತು. ಹುಡುಗಿ ಹಳಿಯ ನಡುವಣ ಜಲ್ಲಿಯನ್ನೇ ನೋಡುತ್ತಿದ್ದಳು.