ಹೆಂಚಿನ ಊರಿನಲ್ಲಿ ಶನಿವಾರ, ಭಾನುವಾರ

ಚನ್ನಗಿರಿ ಕಡೆಯ ಹಳೆ ಮನೆಗಳ ಹೆಂಚು ಮಗುಚಿ ನೋಡಿದರೆ ಉಬ್ಬಚ್ಚಿನಲ್ಲಿ ಮಂಗಳೂರಿನ ಯಾವುದೋ ಕಾರ್ಖಾನೆಯ ಹೆಸರು ಸಿಗುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಮಾಡು ಹತ್ತಿದ ಹುಡುಗರು ಕಡಲಿಗಿಂತ ಮೊದಲು ಕಂಡದ್ದು ಆ ಹೆಸರನ್ನು.

1980ರ ದಶಕದ ಕೊನೆಯಲ್ಲಿ ಅಂಥ ಕೆಲವು ಗೆಳೆಯರು ಶನಿವಾರ ಬೆಳಗ್ಗೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಮಂಗಳೂರಿಗೆ ಹೊರಟರು. ಆಗುಂಬೆ ಘಾಟಿಯ 14 ತಿರುವು ಇಳಿಯುವುದಕ್ಕೆ ಮಿನಿ ಬಸ್ಸೇ ಗತಿ. ಅಡಿಕೆ ತೋಟದವರು, ಒಬ್ಬರು ಮೇಷ್ಟ್ರು. ಚನ್ನಗಿರಿಯ ಹೆಸರಿಗೆ ಕಾರಣಳೆನ್ನುವ ಕೆಳದಿ ಚೆನ್ನಮ್ಮಾಜಿಯ ಆಳ್ವಿಕೆ ಈ ಕರಾವಳಿಗೂ ಹಬ್ಬಿತ್ತೆಂದು ಮೇಷ್ಟ್ರು ದಾರಿಯುದ್ದಕ್ಕೂ ಪಾಠ ಹೇಳಿದರು. ವಾಂತಿ ತಡೆಯುವುದರಲ್ಲಿದ್ದವರಿಗೆ ಅದು ಬೇಕಿರಲಿಲ್ಲ.

ನೋಡಬೇಕಾದ್ದನ್ನೆಲ್ಲ ನೋಡಿದರು. ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರ, ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಮತ್ತು ಚಾವಣಿಯ ತುಂಬ ಇಟಲಿಯ ಮೊಸ್ಕೆನಿ ಬಿಡಿಸಿದ ಚಿತ್ರಗಳು, ಗುರುಪುರ ನದಿಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ. ಕೋಟೆಯೆಂದರೆ ಗುಡ್ಡದ ಮೇಲಿರಬೇಕು ಎಂದುಕೊಂಡ ಚನ್ನಗಿರಿಯವರಿಗೆ ಬತ್ತೇರಿ ಸಣ್ಣದಾಗಿ ಕಂಡಿತು.

ಅವರನ್ನು ಹಿಡಿದು ನಿಲ್ಲಿಸಿದ್ದು ಹೆಂಚಿನ ಕಾರ್ಖಾನೆ. ಬಾಸೆಲ್ ಮಿಷನ್ 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಶುರುಮಾಡಿದ ಉದ್ಯಮವನ್ನು ಆಮೇಲೆ ಊರಿನವರೂ ಕಲಿತು, ಹೊಳೆಯಂಚಿನಲ್ಲಿ ಸಾಲುಸಾಲಾಗಿ ಚಿಮಣಿ ಎಬ್ಬಿಸಿದ್ದರು. ಹೊಳೆಯೇ ಯಾಕೆಂದರೆ ಆವೆಮಣ್ಣು, ಕಟ್ಟಿಗೆ ಎರಡೂ ದೋಣಿಯಲ್ಲಿ ಬರಬೇಕು, ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗಬೇಕು. ಕಾವಲುಗಾರ ಒಳಗೆ ಬಿಟ್ಟ. ಹದ ಮಾಡಿದ ಮಣ್ಣಿನ ಹಲಗೆಯನ್ನು ಅಚ್ಚಿನಲ್ಲಿಟ್ಟು ಒತ್ತಿದರೆ ಹಸಿ ಹೆಂಚು. ಹೆಂಗಸರು ಅದರ ಅಂಚು ಸವರಿ ನೆರಳಲ್ಲಿ ಜೋಡಿಸುತ್ತಿದ್ದರು. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಒಂದರ ಏಣು ಇನ್ನೊಂದರ ಗಾಡಿಗೆ ಕೂರುವಂತೆ ಅಚ್ಚು ಕೊರೆದಿರುವುದರಿಂದಲೇ ನಾಡಹೆಂಚಿನಷ್ಟು ಒತ್ತಾಗಿ, ಭಾರವಾಗಿ ಹೊದಿಸಬೇಕಿಲ್ಲ. ತೊಲೆ, ರೀಪು ಎಲ್ಲದರಲ್ಲೂ ಉಳಿತಾಯ.

“ಲೇ, ನಮ್ಮನಿ ಮ್ಯಾಲಿರೋ ಹೆಸ್ರು ಇಲ್ಲೇ ಐತಲ್ಲೋ!” ಎಂದು ಒಬ್ಬ ಕೂಗಿದ್ದು ಭಟ್ಟಿಯ ಮುಂದಿನ ರಾಶಿ ನೋಡಿ.

ಬಂದರಿನ ಕಥೆ ಅಷ್ಟರಲ್ಲೇ ಮಗ್ಗುಲು ಬದಲಿಸಿತ್ತು. ಅಳಿವೆಯ ಮರಳು ದಿಬ್ಬದಿಂದಾಗಿ ದೊಡ್ಡ ಹಡಗುಗಳು ಹಳೆ ಬಂದರಿನೊಳಕ್ಕೆ ಬರುವಂತಿರಲಿಲ್ಲ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ಸರಕು ಅತ್ತ ಸರಿಯಿತು. ಹೆಂಚಿಗೆ ಪೆಟ್ಟು ಕೊಟ್ಟದ್ದು ಮಾತ್ರ ಬೇರೆ: ಆರ್‌ಸಿಸಿ ತಾರಸಿ, ಸಿಗದ ಮಣ್ಣು, ದುಬಾರಿಯಾದ ಕಟ್ಟಿಗೆ.

ಈಚೆಗೆ ಅದೇ ಗೆಳೆಯರು ತಮ್ಮದೇ ಕಾರಿನಲ್ಲಿ ಮತ್ತೆ ಹೋದರು. ನೀರುದೋಸೆ, ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಮು, ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ. ಮೊಮ್ಮಕ್ಕಳಿಗೆ ಅಷ್ಟೇ ಮಂಗಳೂರು. ದೊಡ್ಡವರು ಚಿಮಣಿ ಹುಡುಕಿದರು. ಅವರು ನೋಡಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಕಾಂಪೌಂಡು. ಮೇಷ್ಟ್ರಿಗೆ ಸಿಟ್ಟು ಬಂತು, ಆದರೆ ಸಿಟ್ಟಾಗುವ ಹಕ್ಕು ಅವರಿಗಿತ್ತೇ? ಅಡಿಕೆಗೆ ರೇಟು ಬಂದ ವರ್ಷ ಅವರೂ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸಿದ್ದರು.

ಕೆಡವಿದಾಗಿನ ಹೆಂಚು ಇನ್ನೂ ಹಿತ್ತಲಲ್ಲಿದೆ. ಹೋಂಸ್ಟೇ ಕಟ್ಟುವವರಿಗೆ ಈಗ ಹಳೆ ಹೆಂಚೇ ಬೇಕಂತೆ, ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಆಗಲೇ ಬಂದು ನೋಡಿಕೊಂಡು ಹೋಗಿದ್ದಾನೆ. ಘಾಟಿ ಹತ್ತುವಾಗ ಮೇಷ್ಟ್ರು ಪಕ್ಕದವರನ್ನು ಕೇಳಿದ್ದು, ಹೆಂಚೊಂದಕ್ಕೆ ಎಷ್ಟು ಹೇಳಬಹುದು ಅಂತ.