ಟೆಸ್ಸೆಲ್ ದ್ವೀಪದಲ್ಲಿ ಸೊಂಟದ ಮಟ್ಟದ ನೀರು

ಈ ಸಲ ಬೇಸಿಗೆ ರಜೆಗೆ ಎಲ್ಲಿಗೆ ಹೋಗೋದು ಅಂತ ನಮ್ಮ ಮನೆಯಲ್ಲಿ ಎರಡು ವಾರ ಚರ್ಚೆ ನಡೆಯಿತು. ಇವರಿಗೆ ಬೆಟ್ಟ ಬೇಕು, ಮಗಳಿಗೆ ಸಮುದ್ರ ಬೇಕು, ನನಗೆ ನಾನು ಅಡುಗೆ ಮಾಡದೇ ಇರುವ ಯಾವ ಜಾಗವಾದರೂ ಆದೀತು! ಕೊನೆಗೆ ಎಂದಿನಂತೆ ಮಗಳೇ ಗೆದ್ದಳು. ಹೋಗಿದ್ದು ಟೆಕ್ಸೆಲ್ ದ್ವೀಪಕ್ಕೆ. ಬರೆಯೋದು ಟೆಕ್ಸೆಲ್, ಡಚ್ಚರ ಬಾಯಲ್ಲಿ ಮಾತ್ರ ಅದು 'ಟೆಸ್ಸೆಲ್'.

ನಮ್ಮ ನ್ಯೂವೆಗೈನ್‌ನಿಂದ ಉತ್ತರದ ತುದಿಯ ಡೆನ್ ಹೆಲ್ಡರ್‌ಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಕಾರು, ಸೈಕಲ್ಲು, ನಾಯಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಹೋಗುವ ಹಡಗಿನಲ್ಲಿ ಇಪ್ಪತ್ತು ನಿಮಿಷ. ಹಡಗಿನ ಕಂಪನಿ ದ್ವೀಪದವರದ್ದೇ. 1907ರಲ್ಲಿ ಊರವರೇ ಷೇರು ಹಾಕಿ ಕಟ್ಟಿದ್ದಂತೆ. ಎಲ್ಲರೂ ಡೆಕ್ಕಿನ ಮೇಲೆ ಗಾಳಿಗೆ ಮುಖವೊಡ್ಡಿ ನಿಂತಿದ್ದರು. ನಾನು ಒಳಗೆ ಕೂತು ಕಾಫಿ ಕುಡಿಯುತ್ತಿದ್ದೆ.

ಯಾಕೆ ಅಂತ ಹೇಳಿಬಿಡ್ತೀನಿ. ನನಗೆ ನೀರು ಕಂಡರೆ ಭಯ.

ನಮ್ಮೂರು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿ. ಊರ ಮುಂದೆ ದೊಡ್ಡ ಕೆರೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು, ಎಮ್ಮೆ ಮೈ ತೊಳೆಸೋಕೆ ಹೋದವನು ವಾಪಸ್ ಬರಲಿಲ್ಲ. ಅವನಿಗೆ ಈಜು ಬರುತ್ತಿತ್ತು, ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತಿದ್ದ. ಆ ಬೇಸಿಗೆಯಲ್ಲಿ ಕೆರೆ ಒಣಗಿದ್ದಾಗ ಗೋಡು ಮಣ್ಣು ತೆಗೆದ ಜಾಗದಲ್ಲಿ ಆಳುದ್ದದ ಗುಂಡಿಗಳಾಗಿದ್ದವು. ಮಳೆ ಬಂದು ಕೆರೆ ತುಂಬಿದ ಮೇಲೆ ಗುಂಡಿಯೂ ಒಂದೇ, ನೆಲವೂ ಒಂದೇ. ಅಂದಿನಿಂದ ಅಮ್ಮ ನನ್ನನ್ನು ಏರಿ ಮೇಲೂ ಒಬ್ಬಳೇ ಬಿಡಲಿಲ್ಲ. ಅದಕ್ಕೆ ಸರಿಯಾಗಿ ಅಜ್ಜಿಯ 'ಕೆರೆಗೆ ಹಾರ'ದ ಹಾಡು ಬೇರೆ. ಕೆರೆ ಅಂದರೆ ಅದು ಮನೆ ಮಕ್ಕಳನ್ನು ಬೇಡುತ್ತದೆ ಅಂತಲೇ ನಂಬಿ ಬೆಳೆದವಳು ನಾನು.

ಇಂಥವಳು ಬಂದು ಸೇರಿದ್ದು ಎಲ್ಲಿಗೆ ನೋಡಿ! ನ್ಯೂವೆಗೈನ್ ಅಂದರೆ 1971ರಲ್ಲಿ ಯುತ್‌ಫಾಸ್ ಮತ್ತು ಫ್ರೇಸ್‌ವೈಕ್ ಎಂಬ ಎರಡು ಊರು ಸೇರಿಸಿ ಮಾಡಿದ ಪಟ್ಟಣ. ಒಂದು ಕಡೆ ಲೆಕ್ ನದಿ, ಉಳಿದ ಕಡೆ ಕಾಲುವೆ. ಹಾಲು ತರೋಕೆ ಹೋದರೂ ಒಂದು ಸೇತುವೆ ದಾಟಬೇಕು. ಹೆಚ್ಚಿನ ಕಡೆ ಕಾಲುವೆಗೆ ಬೇಲಿಯೂ ಇಲ್ಲ. 'ಬೇಲಿ ಯಾಕೆ ಹಾಕಲ್ಲ?' ಅಂತ ಪಕ್ಕದ ಮನೆಯಾಕೆಯನ್ನು ಕೇಳಿದ್ದೆ. 'ಎಷ್ಟಕ್ಕೆ ಅಂತ ಹಾಕೋದು? ಮಕ್ಕಳಿಗೆ ಈಜು ಕಲಿಸ್ತೀವಿ' ಅಂದಳು. ಇಲ್ಲಿ ಮಕ್ಕಳಿಗೆ ಈಜಿನ ಡಿಪ್ಲೊಮಾ ಇದೆ: ಎ, ಬಿ, ಸಿ ಅಂತ. ಪರೀಕ್ಷೆಯಲ್ಲಿ ಬಟ್ಟೆ, ಶೂ ಹಾಕಿಕೊಂಡೇ ಈಜಬೇಕು, ಯಾಕಂದ್ರೆ ಕಾಲುವೆಗೆ ಬೀಳುವವರು ಈಜುಡುಗೆ ಹಾಕಿಕೊಂಡು ಬೀಳಲ್ಲವಲ್ಲ! ಮಗಳ ಪರೀಕ್ಷೆಯ ದಿನ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಇವರು ವಿಡಿಯೋ ಮಾಡಿದರು.

ಸರಿ, ದ್ವೀಪಕ್ಕೆ ಬರೋಣ. ಟೆಸ್ಸೆಲ್‌ನಲ್ಲಿರೋದು ಸುಮಾರು 14 ಸಾವಿರ ಜನ, ಹತ್ತಿರಹತ್ತಿರ ಅಷ್ಟೇ ಕುರಿ. ಪಶ್ಚಿಮದ ಉದ್ದಕ್ಕೂ ಮರಳ ತೀರ. ತೀರದಲ್ಲಿ ಕಿಲೋಮೀಟರಿಗೊಂದರಂತೆ ನಂಬರು ಬರೆದ ಕಂಬ. 'ಇಪ್ಪತ್ತನೇ ಕಂಬದ ಹತ್ತಿರ ಸಿಗ್ತೀವಿ' ಅಂದರೆ ಅದೇ ವಿಳಾಸ.

ಮೊದಲ ದಿನ ಸ್ಲುಫ್ಟರ್ ನೋಡಿದೆವು. ಕಡಲನ್ನು ಹೊರಗಿಡಬೇಕೆಂದು ಜನ ಮರಳಿನ ದಂಡೆ ಕಟ್ಟಿದ್ದರು. 1858ರಲ್ಲಿ ಕಡಲು ಅದನ್ನು ಒಡೆದು ಒಳನುಗ್ಗಿತು. ಮುಚ್ಚಲು ನೋಡಿ ಸೋತು, ಕೊನೆಗೆ ಹಾಗೇ ಬಿಟ್ಟರು. ಇವತ್ತು ಅಲ್ಲಿ ಉಬ್ಬರ ಇಳಿತದ ಜೊತೆ ಉಪ್ಪುನೀರು ಬಂದು ಹೋಗುತ್ತೆ, ಜುಲೈ ತಿಂಗಳಲ್ಲಿ ಬಯಲಿಗೆ ಬಯಲೇ ನೇರಳೆ ಹೂವು. 1953ರ ಪ್ರವಾಹದಲ್ಲಿ 1836 ಜನರನ್ನು ಕಳೆದುಕೊಂಡ ದೇಶವಿದು, ಕಡಲಿನ ಜೊತೆ ಜಗಳ ಆಡೋದು ಇವರಿಗೆ ಹೊಸದಲ್ಲ. ಆದರೂ ಒಂದು ಕಡೆ 'ಬಾರಪ್ಪ, ಇಷ್ಟು ನಿನಗೆ' ಅಂತ ಬಿಟ್ಟುಕೊಟ್ಟಿದ್ದಾರಲ್ಲ ಅನ್ನಿಸಿತು.

ಪಕ್ಕದಲ್ಲೇ ಡೆ ಮೌ ಅನ್ನುವ ಸರೋವರ. ಮರಳದಿಬ್ಬಗಳ ನಡುವೆ ಸಿಹಿನೀರು, ಸುತ್ತ ಜೊಂಡು. ದಿಬ್ಬದ ಮೇಲೆ ನಿಂತು ನೋಡಿದರೆ ನೀರಿನಲ್ಲಿ ಬಿಳಿ ಹಕ್ಕಿಗಳು ಕೊಕ್ಕನ್ನು ಆ ಕಡೆ ಈ ಕಡೆ ಆಡಿಸುತ್ತಾ ನಡೆದಾಡುತ್ತಿದ್ದವು. ಅರೆ, ರಂಗನತಿಟ್ಟಿನ ಚಮಚಕೊಕ್ಕು! ಅದೇ ಜಾತಿ, ಅದೇ ನಡಿಗೆ. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಅಲ್ಲಿ ದೋಣಿ ಹತ್ತಿದ್ದು ನೆನಪಾಯ್ತು. ಅವತ್ತು ಪೂರ್ತಿ ದೋಣಿಯ ಅಂಚು ಹಿಡಿದುಕೊಂಡೇ ಕೂತಿದ್ದೆ, ಹಕ್ಕಿ ನೋಡಿದ್ದೇ ಕಡಿಮೆ.

ಮಾರನೇ ದಿನ ಉತ್ತರದ ತುದಿಯ ಕೆಂಪು ದೀಪಸ್ತಂಭಕ್ಕೆ ಹೋದೆವು. 1864ರದ್ದು. ಅದರ ಕೆಳಗಿನ ತೀರ ನೋಡೋಕೆ ಎಲ್ಲಕ್ಕಿಂತ ಚೆಂದ, ನೀರು ಎಲ್ಲಕ್ಕಿಂತ ಶಾಂತ. ಆದರೆ ಅಲ್ಲಿ ಈಜು ನಿಷೇಧ, ಒಳಗಿನ ಸೆಳೆತ ಜೋರು. ಮಗಳು ಬೋರ್ಡ್ ಓದಿದಳು, 'ಇಲ್ಲಿ ಬೇಡ' ಅಂದಳು, ಮರಳಲ್ಲಿ ಕೂತು ಚಿಪ್ಪು ಆರಿಸತೊಡಗಿದಳು. ಹಟವಿಲ್ಲ, ಅಳುವಿಲ್ಲ. ನಾನು ಬೆರಗಾಗಿ ನೋಡಿದೆ.

ಮೂರನೇ ದಿನ ಡೆ ಕೋಗ್ ಊರಿನ ತೀರ. ಅಲ್ಲಿ ಕಾವಲಿನವರಿದ್ದರು, ಕೆಂಪು-ಹಳದಿ ಬಾವುಟ ಹಾರುತ್ತಿತ್ತು. ಮಗಳು ನನ್ನ ಕೈ ಹಿಡಿದು ಎಳೆದಳು. 'ಬೇಡ ಪುಟ್ಟಿ, ಸೆಳೆತ ಬಂದ್ರೆ?' ಅಂದೆ.

'ಬಂದ್ರೆ ಎದುರು ಈಜಬಾರದು ಅಮ್ಮ, ಸುಸ್ತಾಗುತ್ತೆ. ದಡದ ಉದ್ದಕ್ಕೆ, ಪಕ್ಕಕ್ಕೆ ಹೋಗ್ಬೇಕು. ಸೆಳೆತ ಅಗಲ ಇರಲ್ಲ. ಆಮೇಲೆ ದಡಕ್ಕೆ ಬರ್ಬೇಕು, ಕೈ ಎತ್ತಿ ಕರೀಬೇಕು.'

ಒಂಬತ್ತು ವರ್ಷದ ಹುಡುಗಿ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು. ನನಗೆ ಗಂಟಲು ಕಟ್ಟಿತು. ನಮ್ಮಣ್ಣನಿಗೆ ಯಾರಾದರೂ ಒಂದು ಮಾತು, 'ಆ ಕಡೆ ಮಣ್ಣು ತೆಗೆದಿದ್ದಾರೆ ಕಣೋ' ಅಂತ ಹೇಳಿದ್ದರೆ? ಗುಂಡಿ ಎಲ್ಲಿದೆ ಅಂತ ಊರಿನ ಅರ್ಧ ಜನಕ್ಕೆ ಗೊತ್ತಿತ್ತು. ಅವನು ಹೋದ ಮೇಲೂ ಅಲ್ಲೊಂದು ಕೋಲು ನೆಡಲಿಲ್ಲ ನಾವು. ಕೆರೆಗೆ ಬಲಿ ಬೇಕಿತ್ತು ಅಂದುಕೊಂಡು ಸುಮ್ಮನಾದೆವು, ಹೆಣ್ಣುಮಕ್ಕಳಿಗೆ ಭಯ ಹಂಚಿದೆವು.

ಸಲ್ವಾರ್ ಮಡಚಿ ಇಳಿದೆ. ಪಾದ, ಮೊಣಕಾಲು, ಸೊಂಟ. ಉತ್ತರ ಸಮುದ್ರದ ನೀರು ಜುಲೈನಲ್ಲೂ ಐಸು ಕಣ್ರೀ! ಅಲೆ ಬಂದಾಗ ಕಿರುಚಿದೆ. ದಡದಲ್ಲಿ ಇವರು ನಗುತ್ತಿದ್ದರು. ಮಗಳು ಕೈ ಬಿಡಲಿಲ್ಲ. ಹತ್ತು ನಿಮಿಷ ನಿಂತಿದ್ದೆ, ಅಷ್ಟೇ. ಈಜಲಿಲ್ಲ, ಏನೂ ಇಲ್ಲ. ಭಯವೂ ಹೋಗಲಿಲ್ಲ. ಆದರೆ ಭಯದ ಜೊತೆ ನೀರಿನಲ್ಲಿ ನಿಲ್ಲಬಹುದು ಅಂತ ಮೊದಲ ಸಲ ಗೊತ್ತಾಯ್ತು.

ಮನೆಗೆ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಮಗು ಚೆನ್ನಾಗಿ ಈಜ್ತಾಳಾ?' ಅಂತ ಕೇಳಿದರು. ಹೂಂ ಅಂದೆ. 'ನೀನೂ ಕಲ್ತ್ಕೋ. ಆದ್ರೆ ಒಬ್ಬಳೇ ಇಳೀಬೇಡ.'

ನಮ್ಮೂರಿನ ಈಜುಕೊಳದಲ್ಲಿ ಸೆಪ್ಟೆಂಬರ್‌ನಿಂದ ದೊಡ್ಡವರಿಗೆ ಕ್ಲಾಸು ಶುರುವಂತೆ. ಹೆಸರು ಕೊಟ್ಟು ಬಂದಿದ್ದೀನಿ. ಪರೀಕ್ಷೆಯ ದಿನ ಕಣ್ಣು ಮುಚ್ಚಿಕೊಂಡು ಕೂರೋ ಸರದಿ ಮಗಳದ್ದು :)