ಆಗೋದಿಲ್ವೋ, ಮಾಡೋದಿಲ್ವೋ?

“ನಿಮ್ಮ ಕಂಪ್ಯೂಟರಿಗೆ ಈ ಆಟದ ಬೆಂಬಲವಿಲ್ಲ.”

ಎಷ್ಟು ವಿನಯದ ಸಾಲು ನೋಡಿ! ಓದಿದವರಿಗೆ ತಪ್ಪೆಲ್ಲ ತಮ್ಮ ಕಂಪ್ಯೂಟರಿನದೇ ಅನ್ನಿಸಿಬಿಡಬೇಕು, ಹಾಗಿದೆ. ಆದರೆ ಈ ‘ಬೆಂಬಲವಿಲ್ಲ’ ಅನ್ನೋದಕ್ಕೆ ಎರಡು ಅರ್ಥ ಇದೆ. ಒಂದು ‘ಆಗೋದಿಲ್ಲ’. ಇನ್ನೊಂದು ‘ಮಾಡೋದಿಲ್ಲ’. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ನಮ್ಮ ಕೈಗೆ ಕೊಡ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ನಮ್ಮ ಮನೆ ಕಂಪ್ಯೂಟರಿನಲ್ಲಿ ಇರೋದು ಲಿನಕ್ಸ್. ಕಾಲೇಜಿನ ಗೆಳೆಯರು ನಾಲ್ಕು ಜನ, ಈಗ ನಾಲ್ಕು ಊರಲ್ಲಿದ್ದೇವೆ. ಶನಿವಾರ ರಾತ್ರಿ ಊಟ ಮುಗಿಸಿ, ಮಕ್ಕಳು ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು ಒಂದು ಆನ್‌ಲೈನ್ ಆಟಕ್ಕೆ ಕೂರ್ತಿದ್ವಿ. ಆಟ ಅನ್ನೋದು ನೆಪ ಅಷ್ಟೇ. ಗುಂಡು ಹಾರಿಸಿದ್ದಕ್ಕಿಂತ ಹರಟೆ ಹೊಡೆದದ್ದೇ ಹೆಚ್ಚು. ಯಾರ ಅಪ್ಪನಿಗೆ ಹುಷಾರಿಲ್ಲ, ಯಾರ ಕೆಲಸ ಅಲ್ಲಾಡ್ತಿದೆ, ಎಲ್ಲಾ ಗೊತ್ತಾಗ್ತಿದ್ದದ್ದು ಅಲ್ಲೇ. ಎರಡು ವರ್ಷ ನನ್ನ ಲಿನಕ್ಸಿನಲ್ಲಿ ಚೆನ್ನಾಗಿ ಓಡಿದ ಆಟ, ಒಂದು ಅಪ್‌ಡೇಟ್ ಬಂದ ಮೇಲೆ ನನಗೆ ಮಾತ್ರ ಬಾಗಿಲು ಹಾಕಿಕೊಂಡಿತು. ಕಂಪ್ಯೂಟರ್ ಅದೇ, ಇಂಟರ್ನೆಟ್ ಅದೇ, ಕೊಟ್ಟ ದುಡ್ಡೂ ವಾಪಸ್ ಬರಲಿಲ್ಲ. ಕಂಪನಿ ಹೆಸರು ಬೇಡ ಬಿಡಿ, ಹೆಸರು ಹೇಳಿ ಆಗಬೇಕಾದ್ದೇನೂ ಇಲ್ಲ.

“ಲೇ ಮಾರಾಯ, ಒಂದು ವಿಂಡೋಸ್ ಹಾಕ್ಕೊಳ್ಳೋ. ಅದೇನು ಹಠ ನಿಂದು?” ಅಂದ ಒಬ್ಬ ಗೆಳೆಯ.

ಹಠ ಅಲ್ಲ. ಯಾಕೆ ಅಂತ ಹೇಳ್ತೀನಿ. ಮೊದಲು ಆಟ ಮಾಡೋರ ಕಷ್ಟ ನೋಡೋಣ, ನ್ಯಾಯ ಅಂದ್ರೆ ನ್ಯಾಯ.

ಪರದೆಯ ಮೇಲೆ ಚಿತ್ರ ಮೂಡಿಸಬೇಕಾದರೆ ಆಟವು ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡಬೇಕು. ಆ ಮಾತಿಗೊಂದು ಭಾಷೆ ಬೇಕು. ಮೈಕ್ರೋಸಾಫ್ಟ್ 1995ರಲ್ಲಿ ತನ್ನದೇ ಡೈರೆಕ್ಟ್‌ಎಕ್ಸ್ ತಂದಿತು. ಅದಕ್ಕೂ ಮುಂಚೆ, 1992ರಲ್ಲೇ ಬಂದಿದ್ದ ಓಪನ್‌ಜಿಎಲ್ ಎಲ್ಲ ಕಡೆ ನಡೆಯುವಂಥದ್ದು. ಆಪಲ್ 2014ರಲ್ಲಿ ಮೆಟಲ್ ಅಂತ ತನ್ನದೊಂದು ಭಾಷೆ ಮಾಡಿಕೊಂಡು, 2018ರಲ್ಲಿ ಓಪನ್‌ಜಿಎಲ್‌ಗೆ ‘ಇನ್ನು ನೀನು ಹೊರಡು’ ಅಂದಿತು. 2016ರಲ್ಲಿ ಎಲ್ಲರಿಗೂ ಒಂದೇ ಇರಲಿ ಅಂತ ವಲ್ಕನ್ ಬಂತು. ಅದನ್ನೂ ಆಪಲ್ ನೇರವಾಗಿ ಒಪ್ಪಿಕೊಳ್ಳಲಿಲ್ಲ. ಹೀಗೆ ಮನೆಗೊಂದು ಭಾಷೆ ಆದರೆ ಆಟ ಬರೆಯೋನು ಒಂದೇ ಕೆಲಸವನ್ನ ಎಷ್ಟು ಸಲ ಮಾಡಬೇಕು? ಬರೆದರೆ ಸಾಲದು, ಪ್ರತಿಯೊಂದರಲ್ಲೂ ಓಡಿಸಿ ನೋಡಬೇಕು, ದೂರು ಬಂದಾಗ ಉತ್ತರ ಕೊಡಬೇಕು.

ಈ ಕೆಲಸವನ್ನ ಪ್ರೀತಿಯಿಂದ ಮಾಡಿದವರೂ ಇದ್ದರು. 1998ರಲ್ಲಿ ಅಮೆರಿಕದಲ್ಲಿ ಲೋಕಿ ಅಂತ ಒಂದು ಕಂಪನಿ ಹುಟ್ಟಿತು. ಬೇರೆಯವರ ವಿಂಡೋಸ್ ಆಟಗಳನ್ನ ಲಿನಕ್ಸಿಗೆ ತಂದು ಮಾರೋದೇ ಅದರ ಕಸುಬು. ಕೊಳ್ಳೋರು ಸಾಲಲಿಲ್ಲ, 2002ರ ಜನವರಿಗೆ ಬಾಗಿಲು ಹಾಕಿತು. ಅಲ್ಲಿದ್ದ ಸ್ಯಾಮ್ ಲಾಂಟಿಂಗಾ ಶುರು ಮಾಡಿದ್ದ ಎಸ್‌ಡಿಎಲ್ ಅನ್ನೋ ತಂತ್ರಾಂಶ ಮಾತ್ರ ಉಳಿಯಿತು, ಇವತ್ತಿಗೂ ಎಷ್ಟೋ ಆಟಗಳ ಒಳಗೆ ಅದು ಕೆಲಸ ಮಾಡ್ತಿದೆ.

ಅಂದರೆ ಲಾಭ-ನಷ್ಟದ ಲೆಕ್ಕ ಸುಳ್ಳಲ್ಲ. ‘ಬಳಸೋರು ಕಡಿಮೆ, ನಮಗೆ ಗಿಟ್ಟೋದಿಲ್ಲ’ ಅಂತ ನೇರವಾಗಿ ಹೇಳಿದರೆ ನಾನು ತಲೆ ಆಡಿಸಿ ಸುಮ್ಮನಾಗ್ತೀನಿ. ಮೊದಲಿಂದಲೂ ವಿಂಡೋಸಿಗೆ ಮಾತ್ರ ಅಂತ ಬರೆದು ಮಾರಿದ ಆಟದ ಮೇಲೆ ನನಗೇನೂ ಕೋಪ ಇಲ್ಲ. ಕೋಪ ಬರೋದು ಕೊಟ್ಟದ್ದನ್ನ ಕಿತ್ತುಕೊಂಡಾಗ.

ಹೇಲೋ ಆಟದ ಕತೆ ಕೇಳಿ. 1999ರ ಜುಲೈನಲ್ಲಿ ಸ್ಟೀವ್ ಜಾಬ್ಸ್ ನ್ಯೂಯಾರ್ಕಿನ ವೇದಿಕೆ ಮೇಲೆ ನಿಂತು ಅದನ್ನ ಜಗತ್ತಿಗೆ ತೋರಿಸಿದರು. ಮ್ಯಾಕ್ ಬಳಸೋರಿಗೆ ಹಬ್ಬ! ಮರುವರ್ಷ, 2000ದ ಜೂನಿನಲ್ಲಿ, ಆ ಆಟ ಮಾಡುತ್ತಿದ್ದ ಬಂಜೀ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2001ರ ನವೆಂಬರಿನಲ್ಲಿ ಹೇಲೋ ಬಂದದ್ದು ಎಕ್ಸ್‌ಬಾಕ್ಸಿಗೆ. ಮ್ಯಾಕ್‌ಗೆ ಬರೋ ಹೊತ್ತಿಗೆ 2003 ಮುಗೀತಾ ಇತ್ತು. ಮದುವೆಗೆ ಮೊದಲು ಕರೆದವರಿಗೆ ಕೊನೇ ಪಂಕ್ತಿ! ಇದರಲ್ಲಿ ‘ಆಗೋದಿಲ್ಲ’ ಅನ್ನೋದು ಎಲ್ಲಿತ್ತು?

ರಾಕೆಟ್ ಲೀಗ್ ಇನ್ನೊಂದು. ಕಾರುಗಳು ಫುಟ್‌ಬಾಲ್ ಆಡೋ ಆಟ. 2016ರಲ್ಲಿ ಮ್ಯಾಕ್ ಮತ್ತು ಲಿನಕ್ಸಿಗೂ ಬಂದಿತ್ತು. 2019ರಲ್ಲಿ ಅದರ ಕಂಪನಿಯನ್ನ ಎಪಿಕ್ ಕೊಂಡಿತು. 2020ರ ಮಾರ್ಚಿನಲ್ಲಿ ಈ ಎರಡೂ ಕಡೆ ಆನ್‌ಲೈನ್ ಆಟ ನಿಂತುಹೋಯಿತು. ಎರಡೂ ಸೇರಿ ಆಡುವವರು ನೂರಕ್ಕೆ 0.3ಕ್ಕಿಂತ ಕಡಿಮೆ, ಡೈರೆಕ್ಟ್‌ಎಕ್ಸ್ 9 ಬಿಟ್ಟು 11ಕ್ಕೆ ಹೋಗ್ತಿದ್ದೇವೆ ಅಂತ ಕಾರಣ ಕೊಟ್ಟರು. ಕೇಳಿದವರಿಗೆ ದುಡ್ಡು ವಾಪಸ್ ಕೊಡೋ ವ್ಯವಸ್ಥೆಯನ್ನೂ ಮಾಡಿದರು, ಅದನ್ನ ಒಪ್ಪಿಕೊಳ್ಳಬೇಕು. ತಮಾಷೆ ಏನಪ್ಪಾ ಅಂದ್ರೆ, ಆಮೇಲೂ ಲಿನಕ್ಸ್ ಬಳಗದವರು ಆ ಆಟದ ವಿಂಡೋಸ್ ಆವೃತ್ತಿಯನ್ನೇ ತಮ್ಮ ಕಂಪ್ಯೂಟರಿನಲ್ಲಿ ಆಡಿದರು :-)

ಅದು ಹೇಗೆ ಅಂತೀರಾ? 1993ರಲ್ಲಿ ಶುರುವಾದ ವೈನ್ ಅನ್ನೋ ಸ್ವತಂತ್ರ ತಂತ್ರಾಂಶ ಇದೆ. ವಿಂಡೋಸ್ ಕಾರ್ಯಕ್ರಮ ಕೇಳಿದ್ದನ್ನೆಲ್ಲ ಲಿನಕ್ಸಿನ ಭಾಷೆಗೆ ತಿರುಗಿಸಿ ಕೊಡೋ ದುಭಾಷಿ ಅದು. ಅದರ ಮೇಲೆ ಕಟ್ಟಿದ ಪ್ರೋಟಾನನ್ನ ವಾಲ್ವ್ ಕಂಪನಿ 2018ರ ಆಗಸ್ಟಿನಲ್ಲಿ ಬಿಟ್ಟಿತು. 2022ರಲ್ಲಿ ಕೈಯಲ್ಲಿ ಹಿಡಿದು ಆಡೋ ಸ್ಟೀಮ್ ಡೆಕ್ ಬಂತು, ಅದರ ಒಳಗಿರೋದೂ ಲಿನಕ್ಸೇ. ಸಾವಿರಾರು ವಿಂಡೋಸ್ ಆಟಗಳು ಈಗ ಲಿನಕ್ಸಿನಲ್ಲಿ ಓಡ್ತವೆ. ಅಷ್ಟರಮಟ್ಟಿಗೆ ‘ಆಗೋದಿಲ್ಲ’ ಅನ್ನೋ ಮಾತು ಸತ್ತುಹೋಯಿತು.

ಉಳಿದದ್ದು ‘ಮಾಡೋದಿಲ್ಲ’. ಅದಕ್ಕೀಗ ಹೊಸ ಹೆಸರು, ಮೋಸ ತಡೆ. ಆಟದಲ್ಲಿ ಕಳ್ಳಾಟ ಆಡೋರನ್ನ ಹಿಡಿಯೋ ತಂತ್ರಾಂಶ. ಇದರಲ್ಲಿ ಹೆಸರುವಾಸಿಯಾದ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಲ್ಲಿ ಪ್ರೋಟಾನ್ ಜೊತೆ ಹೊಂದಿಕೊಳ್ಳೋಕೆ ದಾರಿ ಮಾಡಿಕೊಟ್ಟವು. ಆದರೆ ಆ ದಾರಿ ತೆಗೆಯಬೇಕೋ ಬೇಡವೋ ಅನ್ನೋ ತೀರ್ಮಾನ ಆಟದ ಕಂಪನಿಯದ್ದು. ಸ್ಟೀಮ್ ಡೆಕ್‌ನಲ್ಲಿ ಆಡಬಹುದಾಗಿದ್ದ ಏಪೆಕ್ಸ್ ಲೆಜೆಂಡ್ಸ್, 2024ರ ಅಕ್ಟೋಬರ್ 31ರಂದು ಲಿನಕ್ಸಿಗೆ ಬಾಗಿಲು ಹಾಕಿತು. ಕಳ್ಳಾಟದವರು ಲಿನಕ್ಸ್ ದಾರಿ ಹಿಡಿದಿದ್ದಾರೆ ಅನ್ನೋದು ಕಾರಣ.

ಕಳ್ಳಾಟ ನಿಜವಾದ ಕಾಟವೇ, ಅದನ್ನ ಅಲ್ಲಗಳೆಯೋದಿಲ್ಲ. ಲಿನಕ್ಸಿನಲ್ಲಿ ಅದನ್ನ ಹಿಡಿಯೋದು ಕಷ್ಟ ಅನ್ನೋದೂ ಇರಬಹುದು. ಆದರೆ ವಿಂಡೋಸಿನಲ್ಲಿ ಕಳ್ಳರಿಲ್ವೇ? ಅಲ್ಲಿ ಒಬ್ಬೊಬ್ಬರನ್ನ ಹುಡುಕಿ ಹೊರಗೆ ಹಾಕ್ತಾರೆ. ಇಲ್ಲಿ ಮಾತ್ರ ಇಡೀ ಕೇರಿಗೇ ಬೀಗ!

ಕನ್ನಡದವರಿಗೆ ಈ ಸಂಕಟ ಹೊಸದೇನಲ್ಲ. ಒಂದು ತಂತ್ರಾಂಶದಲ್ಲಿ ಕನ್ನಡ ಬರೆದು ಕಳಿಸಿದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಚಿಹ್ನೆ ಕಾಣ್ತಿದ್ದ ಕಾಲ ನೆನಪಿದೆಯಾ? ಆ ಫಾಂಟ್ ಇದ್ದವರಿಗೆ ಮಾತ್ರ ಕನ್ನಡ. ಯೂನಿಕೋಡ್ ಬಂದು ಅಕ್ಷರಕ್ಕೊಂದು ಒಪ್ಪಿತ ಸಂಖ್ಯೆ ಕೊಟ್ಟ ಮೇಲೆ ತಾನೇ ವಿಂಡೋಸಿರಲಿ, ಮ್ಯಾಕಿರಲಿ, ಲಿನಕ್ಸಿರಲಿ, ‘ಅ’ ಅಂದರೆ ‘ಅ’ ಆಗಿದ್ದು? ಎಲ್ಲರೂ ಒಪ್ಪಿದ ಮಾನಕ ಇದ್ದರೆ ಯಾರೂ ಹೊರಗೆ ಉಳಿಯೋದಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಆಟದಲ್ಲೂ ಅಂಥ ಒಂದು ಉದಾಹರಣೆ ಇದೆ. 1993ರ ಡೂಮ್. ಅದರ ಮೂಲ ಸಂಕೇತವನ್ನ ಐಡಿ ಸಾಫ್ಟ್‌ವೇರ್ 1997ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಮೂವತ್ತು ವರ್ಷ ದಾಟಿದರೂ ಅದು ಓಡದ ಯಂತ್ರ ಹುಡುಕೋದು ಕಷ್ಟ, ಕ್ಯಾಲ್ಕುಲೇಟರಿನಲ್ಲೂ ಓಡಿಸಿದ ಪುಣ್ಯಾತ್ಮರಿದ್ದಾರೆ.

ಎಲ್ಲರೂ ಹಾಗೇ ಬಿಟ್ಟುಕೊಡಿ ಅಂತ ಕೇಳೋಷ್ಟು ದಡ್ಡ ನಾನಲ್ಲ. ಮೂರೇ ಮಾತು. ಬೆಂಬಲ ವಾಪಸ್ ತಗೊಂಡರೆ ದುಡ್ಡೂ ವಾಪಸ್ ಕೊಡಿ. ಕೊನೆಗೆ ಸರಿಯಾಗಿ ಓಡಿದ ಆವೃತ್ತಿಯನ್ನ ನಮ್ಮನಮ್ಮಲ್ಲೇ ಆಡಿಕೊಳ್ಳೋಕೆ ಬಿಡಿ. ಮತ್ತೆ, ‘ಬೆಂಬಲವಿಲ್ಲ’ ಅನ್ನೋ ಬದಲು ‘ನಾವು ಮಾಡೋದಿಲ್ಲ’ ಅಂತ ಹೇಳಿ.

ಹೇಳಿದರೆ ಆಟ ಸಿಗೋದಿಲ್ಲ, ಗೊತ್ತು. ನನ್ನ ಕಂಪ್ಯೂಟರಿಗೆ ಏನೋ ರೋಗ ಅಂತ ಗೆಳೆಯರು ಅಂದುಕೊಳ್ಳೋದಾದರೂ ತಪ್ಪುತ್ತೆ.